ಡ್ರಿಲ್ ಮೇಷ್ಟ್ರಿಗೆ ಒಂದು ಹಾಸಿಗೆ

ಮಿಲೋರಾಡ್ ಶೆವಿಚ್ ನಮ್ಮ ಮನೆಗೆ ಬಂದದ್ದು ಅಪ್ಪನನ್ನು ನೋಡಲಿಕ್ಕಲ್ಲ, ಅಪ್ಪನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ. ಒಂದು ಕೈಯಲ್ಲಿ ಅಂಗಡಿಯ ಕೇಕಿನ ಡಬ್ಬಿ, ಇನ್ನೊಂದರಲ್ಲಿ ಫೋನು. ಬಾಗಿಲಲ್ಲೇ ನಿಂತು ನಕ್ಕ. ಆ ನಗುವಿನ ಮೇಲ್ಸಾಲಿನ ಹಲ್ಲುಗಳನ್ನು ಕಟ್ಟಿಕೊಟ್ಟವಳು ನಾನೇ. ನನ್ನದು ಕಟ್ಟಿಸಿದ ಹಲ್ಲು ತಯಾರಿಸುವ ಕೆಲಸ. ಈ ಊರಿನ ದೊಡ್ಡಮನುಷ್ಯರಲ್ಲಿ ಮುಕ್ಕಾಲುಪಾಲು ಜನರ ನಗು ನನ್ನ ಮೇಜಿನ ಮೇಲೆ ಅಚ್ಚಾಗಿ ಹೋದದ್ದು. ಮಿಲೋರಾಡನ ನಗುವಿನಲ್ಲಿ ಅವನದೇ ಅನ್ನುವಂಥದ್ದು ಒಸಡು ಮಾತ್ರ.

"ಎಲ್ಲಿ ನಮ್ ಮೇಷ್ಟ್ರು? ಎಲ್ಲಿ ನಮ್ ಹುಲಿ?" ಎಂದು ಮೂರು ಮಹಡಿಗೂ ಕೇಳಿಸುವ ಹಾಗೆ ಕೂಗಿದ.

ಹುಲಿ ಅಡುಗೆಮನೆಯಲ್ಲಿ ಕೂತು ಸ್ವೆಟರಿನ ತೋಳಿನೊಳಗೆ ಕಾಲು ತೂರಿಸಲು ಹೆಣಗುತ್ತಿತ್ತು.

ನನ್ನ ಅಪ್ಪ ಝಿವಾನ್ ಮಾಲೆಟಿನ್ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ, ಸಂಜೆ ಹೊತ್ತು ಸಕ್ಕರೆ ಕಾರ್ಖಾನೆಯ ಹ್ಯಾಂಡ್‌ಬಾಲ್ ತಂಡವನ್ನು ಪಳಗಿಸುತ್ತಿದ್ದ. ನಮ್ಮ ದೇಶ ಇನ್ನೂ ದೊಡ್ಡದಾಗಿದ್ದ ಕಾಲದಲ್ಲಿ, ಟಿಸಾ ನದಿ ದಂಡೆಯ ಈ ಸಣ್ಣ ಊರಿನ ತಂಡವನ್ನು ಮೊದಲ ದರ್ಜೆಗೆ ಏರಿಸಿ ನಿಲ್ಲಿಸಿದವನು ಅವನು. ಆಮೇಲೆ ದೇಶ ಚೂರಾಯಿತು, ಕಾರ್ಖಾನೆಗೆ ಬೀಗ ಬಿತ್ತು, ತಂಡ ಕೆಳಗಿಳಿದು ಎಲ್ಲಿ ಆಡುತ್ತಿದೆ ಎಂದು ಕೇಳುವವರೂ ಇಲ್ಲವಾದರು. ಊರಿನವರಿಗೆ ಉಳಿದದ್ದು ಆ ನೆನಪೊಂದೇ. ಅದನ್ನೇ ಬ್ರಾಂದಿಗೆ ನಂಜಿಕೊಂಡು ದಿನ ದೂಡುತ್ತಾರೆ. ಆ ನೆನಪಿನ ಒಡೆಯನಿಗೇ ನೆನಪು ಹೋಗಿದೆ ಎಂದರೆ ಯಾರು ನಂಬುತ್ತಾರೆ?

ಮಿಲೋರಾಡ್ ಆ ತಂಡದಲ್ಲಿದ್ದ ನಿಜ. ಬೆಂಚಿನ ಮೇಲೆ ಕೂತೂ ಕೂತೂ ಚಡ್ಡಿ ಸವೆಸಿದವನು. ಈಗ ಊರಿನ ಅತಿ ದೊಡ್ಡ ಟೈಲ್ಸ್ ಅಂಗಡಿ ಅವನದು, ಆ ತಂಡದ ಕ್ಲಬ್ಬಿನ ಅಧ್ಯಕ್ಷಗಿರಿ ಅವನದು, ಊರಿನ ವೃದ್ಧಾಶ್ರಮದ ಆಡಳಿತ ಮಂಡಳಿಯಲ್ಲಿ ಕುರ್ಚಿಯೂ ಇದೆ. ಆ ಕುರ್ಚಿ ಇಲ್ಲದಿದ್ದರೆ ಅವನ ಕೇಕು ಮೆಟ್ಟಿಲಿಳಿದು ವಾಪಸು ಹೋಗುತ್ತಿತ್ತು.

ಅಪ್ಪನಿಗೆ ಹೀಗಾಗಿದೆ ಎಂದು ನನಗೆ ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಕಾರಣ ಅಮ್ಮ. ಪೆರ್ಸಿಡಾ ಮಾಲೆಟಿನ್, ಮೇಷ್ಟ್ರ ಹೆಂಡತಿ ಎಂಬ ಬಿರುದನ್ನು ಜೀವಮಾನವಿಡೀ ತುಪ್ಪಳದ ಕೋಟಿನ ಹಾಗೆ ಹೊದ್ದು ತಿರುಗಿದವಳು. ಗಂಡನಿಗೆ ಅರಳುಮರಳು ಎಂದು ಜನಕ್ಕೆ ಗೊತ್ತಾಗುವುದಕ್ಕಿಂತ ಇಬ್ಬರೂ ಸತ್ತರೆ ವಾಸಿ ಎಂಬುದು ಅವಳ ಲೆಕ್ಕ. ಊರಿನ ಇನ್ನೊಂದು ತುದಿಯಲ್ಲಿದ್ದ ನಾನು ಬರುತ್ತೇನೆಂದರೆ ಏನಾದರೊಂದು ನೆಪ ಹೇಳುತ್ತಿದ್ದಳು, ಫೋನು ಮಾಡಿದರೆ ಅಪ್ಪನ ಕಿವಿಯ ಹತ್ತಿರ ನಿಂತು ಹೇಳಿಕೊಡುತ್ತಿದ್ದಳು. "ಕೆಲಸ ಹೇಗಿದೆ ಕೇಳಿ," ಎಂಬ ಪಿಸುಮಾತು ಮೊದಲು ಕೇಳಿಸುತ್ತಿತ್ತು, ಆಮೇಲೆ ಅಪ್ಪನ ದೊಡ್ಡ ದನಿ, "ಕೆಲಸ ಹೇಗಿದೆ?" ನಾನು ಲೈನಿನ ದೋಷ ಎಂದುಕೊಂಡಿದ್ದೆ.

ಒಂದು ಭಾನುವಾರ ಬಸ್ ನಿಲ್ದಾಣದಿಂದ ಯಾರೋ ನನಗೆ ಫೋನು ಮಾಡಿದರು. ಹೋಗಿ ನೋಡಿದರೆ ಅಪ್ಪ ಬೆಂಚಿನ ಮೇಲೆ ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಆಟದ ಬ್ಯಾಗು. ತಂಡದ ಬಸ್ಸು ಇನ್ನೂ ಬಂದಿಲ್ಲ, ಡ್ರೈವರ್ ಕುಡಿದಿರಬೇಕು ಎಂದು ಬೈಯುತ್ತಿದ್ದ. ಬ್ಯಾಗು ತೆರೆದೆ. ಒಳಗೆ ಇಸ್ತ್ರಿಪೆಟ್ಟಿಗೆ, ಅರ್ಧ ಬ್ರೆಡ್ಡು, ಮಡಚಿಟ್ಟ ಪರದೆ.

ಅಮ್ಮನನ್ನು ಕೇಳಿದರೆ, "ತಮಾಷೆ ಮಾಡ್ತಾರೆ ಕಣೆ. ನಿಮ್ಮಪ್ಪ ಯಾವಾಗ್ಲೂ ತಮಾಷೆಯೋರು," ಅಂದಳು. ಅಪ್ಪ ತಮಾಷೆ ಮಾಡಿದ್ದನ್ನು ನಾನಂತೂ ನೋಡಿಲ್ಲ. ಅವನಿಗೆ ಗೊತ್ತಿದ್ದುದು ಎರಡೇ, ಸೀಟಿ ಊದುವುದು, ತಿರಸ್ಕಾರದಿಂದ ನೋಡುವುದು. ಎರಡನೆಯದನ್ನು ನನಗೆ ಬಿಟ್ಟುಕೊಟ್ಟಿದ್ದಾನೆ, ಅದಕ್ಕೆ ನಾನು ಋಣಿ.

ನೋವಿಸಾದ್ ನಗರದ ನರರೋಗದ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅಮ್ಮ ಬೇಡವೆಂದರೂ ಬಂದಳು. ವೈದ್ಯೆ ಅಪ್ಪನನ್ನು ಇದು ಯಾವ ವರ್ಷ ಎಂದು ಕೇಳಿದರೆ ಅಮ್ಮ ಕೆಮ್ಮಿದಳು. ಯಾವ ಋತು ಎಂದರೆ ಕಿಟಕಿಯ ಕಡೆ ಕಣ್ಣು ಹೊರಳಿಸಿದಳು. ನಿಮ್ಮ ಮಗಳ ಹೆಸರೇನು ಎಂದು ಕೇಳಿದಾಗ ತುಟಿಯಲ್ಲೇ "ಡೆಸಾಂಕಾ, ಡೆಸಾಂಕಾ" ಎಂದು ಉಸುರತೊಡಗಿದಳು.

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ," ಅಂದಳು ವೈದ್ಯೆ.

"ಯಾಕೆ? ನಾನು ಅವರ ಹೆಂಡತಿ."

"ಅದಕ್ಕೇ ಹೇಳಿದ್ದು. ಪರೀಕ್ಷೆ ಅವರಿಗೆ, ನಿಮಗಲ್ಲ."

ಬಾಗಿಲು ಮುಚ್ಚಿದ ಮೇಲೆ ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಯಾರೆಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂಬುದು ಮಾತ್ರ ಅವನಿಗೆ ತಿಳಿಯಿತು, ಸಿಟ್ಟು ಬಂತು. "ಇವಳು ಆಫೀಸಿನವಳು," ಅಂದ.

ವೈದ್ಯೆ ಮುಚ್ಚುಮರೆ ಇಲ್ಲದೆ ಹೇಳಿದಳು. ಇದು ಡಿಮೆನ್ಷಿಯಾ, ನಡುಘಟ್ಟ ದಾಟುತ್ತಿದೆ, ವಾಸಿಯಾಗುವುದಿಲ್ಲ. ಮಾತ್ರೆಯಿಂದ ವೇಗ ಸ್ವಲ್ಪ ತಗ್ಗಬಹುದು, ಸಿಟ್ಟು ಹತೋಟಿಗೆ ಬರಬಹುದು, ತಪ್ಪಿಸಬಾರದು. ಮನೆಯಲ್ಲಿ ಅಮ್ಮನೊಬ್ಬಳ ಕೈಯಲ್ಲಿ ಬಹಳ ದಿನ ಆಗುವ ಕೆಲಸ ಅಲ್ಲ, ಈಗಲೇ ಜಾಗ ಹುಡುಕಿ ಅಂದಳು.

"ಹಾಲುಗಲ್ಲದ ಹುಡುಗಿ, ಅವಳಿಗೇನು ಗೊತ್ತು," ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. ಮಾತ್ರೆಗಳನ್ನು ನಮ್ಮೂರ ಔಷಧಿ ಅಂಗಡಿಯಲ್ಲಿ ಕೊಳ್ಳಲಿಲ್ಲ. ಅಂಗಡಿಯವಳ ಬಾಯಿ ದೊಡ್ಡದಂತೆ. ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ತರುತ್ತಿದ್ದಳು. ಮಂಡಿ ನೋವಾದ ವಾರ ಬಸ್ಸು ಹತ್ತಲಿಲ್ಲ, ಮಾತ್ರೆ ಇರಲಿಲ್ಲ. ಅಂಥದೇ ಒಂದು ವಾರದಲ್ಲಿ ಅಪ್ಪ ಅವಳನ್ನು ದೂಡಿ ಮಣಿಕಟ್ಟು ಮುರಿದ. ಬಚ್ಚಲಲ್ಲಿ ಜಾರಿದೆ ಅಂದಳು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು, ತುಟಿಗೆ ಬಣ್ಣ ಬಳಿದುಕೊಂಡು, ಪೇಟೆಯಲ್ಲಿ ಎಲ್ಲರಿಗೂ ಜಾರಿದ ಕಥೆಯನ್ನು ನಗುನಗುತ್ತ ಹೇಳಿದಳು. ನನಗೆ ಹೇಳಿದವರು ಕೆಳಮನೆಯವರು. ಅವರಿಗೆ ಚಾವಣಿಯ ಮೂಲಕ ಎಲ್ಲ ಕೇಳಿಸಿತ್ತು.

ಅವತ್ತೇ ಹೋಗಿ ವೃದ್ಧಾಶ್ರಮದಲ್ಲಿ ಅರ್ಜಿ ಹಾಕಿದೆ. ಅಲ್ಲಿ ನೆನಪು ಹೋದವರಿಗೆಂದೇ ಒಂದು ವಿಭಾಗವಿದೆ. ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ರಾತ್ರಿಯೂ ದಾದಿಯರಿರುತ್ತಾರೆ. ಯೊಲಾನ್ ಎಂಬ ಹಿರಿಯ ದಾದಿ, ಹಂಗೇರಿಯವಳು, ನನ್ನನ್ನು ಕೂರಿಸಿ ಕಾಫಿ ಕೊಟ್ಟು, ವರ್ಷದ ಮೇಲೆ ಕಾಯಬೇಕಾಗುತ್ತದೆ ಅಂದಳು. "ಯಾರಾದ್ರೂ ಸತ್ತರೇ ಜಾಗ ಆಗೋದು, ಡೆಸಾ. ಸುಳ್ಳು ಯಾಕೆ ಹೇಳ್ಲಿ."

ಇಷ್ಟಾದ ಮೇಲೆ ಬಂದವನು ಮಿಲೋರಾಡ್.

ಕೇಕು ಕತ್ತರಿಸುತ್ತ ಸುದ್ದಿ ಬಿಚ್ಚಿದ. ಕ್ಲಬ್ಬಿಗೆ ಎಪ್ಪತ್ತು ತುಂಬುತ್ತದಂತೆ. ಊರಿನ ಆಟದ ಸಭಾಂಗಣಕ್ಕೆ ಅಪ್ಪನ ಹೆಸರಿಡುತ್ತಾರಂತೆ. ಹಳೆಯ ಆಟಗಾರರೆಲ್ಲ ಬರುತ್ತಾರೆ, ಟೀವಿಯವರು ಬರುತ್ತಾರೆ. ಅಮ್ಮ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು.

"ಮೇಷ್ಟ್ರು ವೇದಿಕೆ ಮೇಲೆ ಬಂದು ಎರಡು ಮಾತಾಡಬೇಕು, ಅಷ್ಟೇ," ಅಂದ.

"ಅಪ್ಪನಿಗೆ ಕಾಯಿಲೆ," ಅಂದೆ. "ನಿನ್ನನ್ನ ಅವನು ಗುರುತು ಹಿಡಿದಿಲ್ಲ. ನೋಡಲಿಲ್ವಾ?"

"ಅಯ್ಯೋ, ಆ ವಯಸ್ಸಿಗೆ ಯಾರಿಗಿಲ್ಲ? ನನ್ನ ಚಿಕ್ಕಮ್ಮನೂ ಬೀಗದ ಕೈ ಎಲ್ಲಿಟ್ಟೆ ಅಂತ ಮರೀತಾಳೆ."

"ಅಪ್ಪ ಬೀಗದ ಕೈ ಮರೆಯಲ್ಲ. ಅದು ಯಾತಕ್ಕೆ ಅನ್ನೋದನ್ನ ಮರೀತಾನೆ."

ಮಿಲೋರಾಡ್ ದನಿ ತಗ್ಗಿಸಿದ. ವ್ಯಾಪಾರಿಯ ದನಿ ಅದು. ಟೈಲ್ಸಿಗೆ ರಿಯಾಯಿತಿ ಕೊಡುವಾಗ ಬರುವಂಥದ್ದು. "ನೀನು ಆಶ್ರಮದಲ್ಲಿ ಅರ್ಜಿ ಹಾಕಿದೀಯ ಅಂತ ಗೊತ್ತು. ನಾನಿದೀನಿ. ಸಮಾರಂಭ ಒಂದು ಮುಗೀಲಿ, ಹಾಸಿಗೆ ವಿಷಯ ನನಗೆ ಬಿಡು."

ನಾನು ಒಪ್ಪಿದೆ. ಇಂಥವನ ಜೊತೆ ಕೈ ಕುಲುಕಿದ ಮೇಲೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ, ಆದರೂ ಕುಲುಕಿದೆ. ಒಂದು ಹಾಸಿಗೆಗಾಗಿ ನಾನು ಇದಕ್ಕಿಂತ ಕೊಳಕು ಕೈಗಳನ್ನೂ ಕುಲುಕುತ್ತಿದ್ದೆ.

ಸಮಾರಂಭದ ದಿನ ಅಪ್ಪನಿಗೆ ಸ್ನಾನ ಮಾಡಿಸುವಷ್ಟರಲ್ಲಿ ನಾನೂ ಅಮ್ಮನೂ ಒದ್ದೆಯಾದೆವು. ನೀಲಿ ಕೋಟು ಹಾಕಿಸಿ ಕರೆದುಕೊಂಡು ಹೋದೆವು. ಸಭಾಂಗಣ ತುಂಬಿತ್ತು. ಅಪ್ಪನ ಹಳೆಯ ಆಟಗಾರರು ಸಾಲಾಗಿ ನಿಂತಿದ್ದರು. ಹೊಟ್ಟೆ ಬಂದವರು, ಕೋಲು ಹಿಡಿದವರು, ಸೊಂಟದ ಕೀಲು ಬದಲಿಸಿಕೊಂಡವರು. ಅಪ್ಪನನ್ನು ಮನೆಗೆ ಬಂದು ನೋಡಲು ಇವರಲ್ಲಿ ಒಬ್ಬನಿಗೂ ಬಿಡುವಾಗಿರಲಿಲ್ಲ. ಅವತ್ತು ಎಲ್ಲರೂ ಕರವಸ್ತ್ರ ತಂದಿದ್ದರು. ಮಿಲೋರಾಡ್ ಅರ್ಧ ಗಂಟೆ ಮಾತಾಡಿದ. ಅವನ ಮಾತು ಕೇಳಿದರೆ ಆ ಕಾಲದ ಗೋಲುಗಳನ್ನೆಲ್ಲ ಬೆಂಚಿನ ಮೇಲಿಂದಲೇ ಅವನೇ ಹೊಡೆದ ಹಾಗಿತ್ತು.

ಆಮೇಲೆ ಮೈಕನ್ನು ಅಪ್ಪನ ಕೈಗೆ ಕೊಟ್ಟರು.

ಅಪ್ಪ ಮೈಕಿನಿಂದ ತಲೆಯೆತ್ತಿ ನೋಡಿದ. ಅವನ ಎದುರು ಸಾಲಾಗಿ ನಿಂತ ಗಂಡಸರು, ಮೇಲೆ ಬೆಳಕು, ಕೆಳಗೆ ಮರದ ನೆಲ. ಅವನ ಬೆನ್ನು ನೆಟ್ಟಗಾಯಿತು. ಗದ್ದ ಮೇಲೆದ್ದಿತು.

"ಇವತ್ತು ಎದುರಾಳಿ ನಮಗಿಂತ ಗಟ್ಟಿ," ಅಂದ ಅಪ್ಪ, ಹಳೆಯ ದನಿಯಲ್ಲಿ. "ಅದು ಅವರಿಗೆ ಗೊತ್ತು. ನಮಗೆ ಗೊತ್ತಿಲ್ಲ ಅನ್ನೋ ಹಾಗೆ ಆಡಿ. ಶೂ ಲೇಸು ಬಿಗಿ ಮಾಡ್ಕೊಳ್ಳಿ, ಹೊರಡಿ."

ಪ್ರತಿ ಪಂದ್ಯದ ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ಇದೇ ಮಾತನ್ನು ಹೇಳುತ್ತಿದ್ದ. ಅಕ್ಷರ ಬದಲಾಗಿರಲಿಲ್ಲ. ಎಲ್ಲವೂ ಅಳಿಸಿಹೋದ ತಲೆಯಲ್ಲಿ ಇದೊಂದು ಹೇಗೋ ಉಳಿದಿತ್ತು. ಸಭಾಂಗಣ ಎದ್ದು ನಿಂತಿತು. ಮುದುಕರು ಮಕ್ಕಳ ಹಾಗೆ ಅತ್ತರು. ಬದುಕಿನ ಬಗ್ಗೆ, ಸಾವಿನ ಬಗ್ಗೆ ಮೇಷ್ಟ್ರು ಎಂಥ ಮಾತು ಹೇಳಿದರು ಎಂದು ಪಕ್ಕದವಳು ನನ್ನ ತೋಳು ಹಿಡಿದು ಬಿಕ್ಕಿದಳು. ಅವನು ಮೊಣಕಾಲು ನೋವಿನ ಗೋಲ್‌ಕೀಪರನಿಗೆ ಹೇಳುತ್ತಿದ್ದ ಮಾತು ಅದು.

ಚಪ್ಪಾಳೆ ಜೋರಾಗುತ್ತಿದ್ದಾಗ ಅಪ್ಪನ ಬೂದು ಪ್ಯಾಂಟಿನ ಮುಂಭಾಗ ಕಪ್ಪಾಗುತ್ತ ಬಂತು. ನೋಡಿದವರು ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ವೇದಿಕೆ ಹತ್ತಿದಳು, ಯಾರದೋ ಕೈಯಲ್ಲಿದ್ದ ದೊಡ್ಡ ಹೂಗುಚ್ಛ ಕಿತ್ತುಕೊಂಡು ಗಂಡನ ಮುಂದೆ ಹಿಡಿದು, ಅವನ ತೋಳಿಗೆ ತೋಳು ಸೇರಿಸಿ ನಕ್ಕಳು. ಎಂಥ ಜೋಡಿ ಎಂದು ಜನ ಇನ್ನಷ್ಟು ಚಪ್ಪಾಳೆ ಹೊಡೆದರು.

ವಾರದ ಮೇಲೆ ಹಾಸಿಗೆಯ ವಿಷಯ ಕೇಳಲು ಮಿಲೋರಾಡನಿಗೆ ಫೋನು ಮಾಡಿದೆ.

"ಡೆಸಾ, ಬೇಜಾರು ಮಾಡ್ಕೋಬೇಡ," ಅಂದ. "ಆಶ್ರಮದ ಮಂಡಳಿಯೋರೆಲ್ಲ ಅವತ್ತು ಮುಂದಿನ ಸಾಲಲ್ಲೇ ಇದ್ರು. ಮೇಷ್ಟ್ರು ನಮಗಿಂತ ಚೆನ್ನಾಗಿ ಮಾತಾಡಿದ್ರು. ಅಂಥೋರನ್ನ ಬೀಗ ಹಾಕೋ ವಿಭಾಗಕ್ಕೆ ಹಾಕ್ತೀವಿ ಅಂದ್ರೆ ಜನ ಉಗೀತಾರೆ. ನಿನಗೆ ದಣಿವಾಗಿದೆ, ಗೊತ್ತಾಗುತ್ತೆ. ಒಂದ್ನಾಲ್ಕು ದಿನ ಎಲ್ಲಾದ್ರೂ ಹೋಗಿ ಬಾ."

ನಾನು ಫೋನು ಇಟ್ಟೆ. ಅವನ ಹಲ್ಲಿನ ಅಚ್ಚು ಇನ್ನೂ ನನ್ನ ಕಪಾಟಿನಲ್ಲಿತ್ತು. ತೆಗೆದು ಕಸದ ಬುಟ್ಟಿಗೆ ಹಾಕಿದೆ. ಅದರಿಂದ ಅವನಿಗೇನೂ ಆಗಲಿಲ್ಲ.

ಅಮ್ಮನಿಗಂತೂ ಗೆದ್ದ ಖುಷಿ. "ನೋಡಿದ್ಯಾ? ಇಡೀ ಊರೇ ಹೇಳ್ತಿದೆ. ನೀನೊಬ್ಬಳು ಅಪ್ಪನಿಗೆ ಹುಚ್ಚನ ಪಟ್ಟ ಕಟ್ಟೋಕೆ ಹೊರಟಿದ್ದೆ," ಅಂದಳು. ಗಸಗಸೆ ತುಂಬಿದ ಸಿಹಿ ಸುರುಳಿ ಬೇಯಿಸಿ ಅಕ್ಕಪಕ್ಕಕ್ಕೆ ಹಂಚಿದಳು. ನನಗೂ ಒಂದು ತುಂಡು ಕೊಟ್ಟಳು. ನಾನು ತಿಂದೆ; ಅವಳ ಬಗ್ಗೆ ನನಗಿದ್ದ ತಾತ್ಸಾರ ಹಸಿವಿನಷ್ಟು ಗಟ್ಟಿಯಾಗಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರಿಗೆ ಎಲೆಕೋಸಿನ ಸುರುಳಿ ತೆಗೆದುಕೊಂಡು ಹೊರಟೆ. ಬೀದಿಯ ತಿರುವಿನಿಂದಲೇ ಅಮ್ಮ ಕಾಣಿಸಿದಳು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದಳು. ಮೈಮೇಲೆ ಮನೆಯುಡುಪು, ಅದರ ಮೇಲೆ ಒಣಗಲು ಹಾಕಿದ್ದ ಹಾಸಿಗೆ ಹೊದಿಕೆ, ಅದರ ಮೇಲೆ ಕಾಲೊರಸು. ಬರಿಗಾಲು. ಕೆಳಗೆ ಹೋಗುತ್ತಿದ್ದ ಪರಿಚಯದವರೊಬ್ಬರು ತಲೆಯೆತ್ತಿದರು. ಅಮ್ಮ ಅವರಿಗೆ ಕೈ ಬೀಸಿದಳು. "ಗಾಳಿಗೆ ಬಂದೆ!" ಎಂದು ಕೂಗಿದಳು. ತುಟಿ ನೀಲಿಯಾಗಿತ್ತು.

ಮೇಲೆ ಓಡಿದೆ. ಅಪ್ಪ ಅಡುಗೆಮನೆಯಲ್ಲಿ ಶಾಂತವಾಗಿ ಕೂತಿದ್ದ. "ಕಳ್ಳಿ ಬಂದಿದ್ದಳು. ಹೊರಗೆ ಹಾಕಿದೀನಿ. ಪೊಲೀಸರಿಗೆ ಹೇಳಿ," ಅಂದ ನನಗೆ. ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕುರ್ಚಿ ಅಡ್ಡ ಇಟ್ಟಿದ್ದ.

ಅಮ್ಮ ಬೆಳಗಿನ ಕಾಫಿಯ ಹೊತ್ತಿನಿಂದ ಅಲ್ಲೇ ಇದ್ದಳಂತೆ. ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡಿಸಿ, ಉಜ್ಜುತ್ತ ಕೇಳಿದೆ, "ಕೂಗಬಾರದಿತ್ತಾ? ಕೆಳಮನೆಯೋರು ಇದ್ದರಲ್ಲ!"

"ಕೂಗಿದ್ರೆ ಕೇಳಿಸ್ತಿತ್ತಲ್ಲ," ಅಂದಳು.

ಅವಳ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಜೀವ ಹೋದರೂ ಮರ್ಯಾದೆ ಹೋಗಬಾರದು ಅನ್ನುವ ಈ ಹೆಂಗಸಿನಷ್ಟು ಮೂರ್ಖಳನ್ನು ನಾನು ನೋಡಿಲ್ಲ. ಆದರೆ ಕಾಲು ತಣ್ಣಗಿತ್ತು, ಮೀನಿನ ಹಾಗೆ, ಎಷ್ಟು ಉಜ್ಜಿದರೂ ಬಿಸಿಯಾಗಲಿಲ್ಲ. ನಾನು ಉಜ್ಜುತ್ತಲೇ ಇದ್ದೆ. ಅಮ್ಮ ಅಂದಳು, "ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು ಕಣೆ. ಗುರುತೇ ಸಿಗಲಿಲ್ಲ. ನಾನು ಹೆಸರು ಹೇಳಿದೆ. ಪೆರ್ಸಿಡಾ ಅನ್ನೋರು ಯಾರೂ ಇಲ್ಲಿಲ್ಲ ಅಂದ್ರು."

ಮಾರನೆಯ ಬೆಳಿಗ್ಗೆ ನನಗಿಂತ ಮೊದಲೇ ಕೋಟು ಹಾಕಿಕೊಂಡು ನಿಂತಿದ್ದಳು. ತುಟಿಗೆ ಬಣ್ಣ ಹಚ್ಚಿರಲಿಲ್ಲ. "ಆ ಟೈಲ್ಸಿನೋನ ಹತ್ರ ಕರ್ಕೊಂಡು ಹೋಗು," ಅಂದಳು. ಅಪ್ಪನನ್ನು ನೋಡಿಕೊಳ್ಳಲು ಕೆಳಮನೆಯವರನ್ನು ಕೂರಿಸಿ ಹೊರಟೆವು.

ಮಿಲೋರಾಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಲಬ್ಬಿನ ನಾಲ್ಕೈದು ಜನ ಕೂತು ಪ್ಲಮ್ ಬ್ರಾಂದಿ ಹೀರುತ್ತಿದ್ದರು. ಗೋಡೆಯ ಮೇಲೆ ಆಗಲೇ ಹೊಸ ಫೋಟೋ. ಅಪ್ಪ, ಮಿಲೋರಾಡ್, ಹೂಗುಚ್ಛದ ಹಿಂದೆ ಅಮ್ಮ.

"ಅಮ್ಮಾವ್ರೇ! ಬನ್ನಿ, ಬನ್ನಿ, ಕೂತ್ಕೊಳ್ಳಿ!"

"ಕೂರೋಕೆ ಬಂದಿಲ್ಲ. ಮಿಲೋರಾಡ್, ಮೇಷ್ಟ್ರು ಪ್ಯಾಂಟಲ್ಲೇ ಉಚ್ಚೆ ಮಾಡ್ಕೋತಾರೆ."

ಒಬ್ಬ ಲೋಟ ಕೆಳಗಿಟ್ಟ.

"ಆ ಫೋಟೋದಲ್ಲಿ ಹೂವು ಯಾಕೆ ಹಿಡ್ಕೊಂಡಿದೀನಿ ಗೊತ್ತಾ? ಹೂವಿನ ಹಿಂದೆ ನೋಡಿದ್ರೆ ಗೊತ್ತಾಗ್ತಿತ್ತು ನಿಮ್ಮ ಹುಲಿ ಸ್ಥಿತಿ. ನನ್ನ ಕೈ ಮುರಿದಿದ್ದು ಬಚ್ಚಲಲ್ಲಿ ಜಾರಿ ಅಲ್ಲ. ಅವರೇ ದೂಡಿದ್ದು. ನಿನ್ನೆ ನನ್ನನ್ನ ಕಳ್ಳಿ ಅಂತ ಚಳಿಯಲ್ಲಿ ಹೊರಗೆ ಹಾಕಿದ್ರು. ಇನ್ನೊಂದು ಗಂಟೆ ಆಗಿದ್ರೆ ನೀನು ನನಗೂ ಹೂಗುಚ್ಛ ತರ್ತಿದ್ದೆ."

"ಅಮ್ಮಾವ್ರೇ, ಇದೆಲ್ಲ ಮನೆ ವಿಷಯ. ಹೀಗೆ ಎಲ್ಲರ ಮುಂದೆ..."

"ಎಲ್ಲರ ಮುಂದೆ ಅವರನ್ನ ನಿಲ್ಲಿಸಿದ್ದು ಯಾರು? ನಾನು ಸುಳ್ಳು ಹೇಳ್ತಾ ಬಂದೆ, ನಾನು ಕತ್ತೆ. ನೀನು ಆ ಸುಳ್ಳಿನ ಮೇಲೆ ನಿಂತು ಭಾಷಣ ಮಾಡಿದೆ. ನನ್ನ ಮಗಳಿಗೆ ಮಾತು ಕೊಟ್ಟು ತಿಂದು ಹಾಕಿದೆ. ಬೆಂಚಲ್ಲಿ ಕೂರಿಸ್ತಿದ್ರಲ್ಲ ನಿನ್ನನ್ನ, ಸರಿಯಾಗೇ ಮಾಡ್ತಿದ್ರು. ಕೇಳು, ಇನ್ಮೇಲೆ ಬ್ರೆಡ್ಡಿನ ಸಾಲಲ್ಲಿ ಹೇಳ್ತೀನಿ, ಚರ್ಚಲ್ಲಿ ಹೇಳ್ತೀನಿ, ನಿನ್ನ ಟೀವಿಯೋರಿಗೂ ಹೇಳ್ತೀನಿ. ನನಗೇನೂ ಉಳಿದಿಲ್ಲ ನಾಚಿಕೊಳ್ಳೋಕೆ."

ಮಿಲೋರಾಡನ ಮುಖದ ಮೇಲೆ ನನ್ನ ಕೈಕೆಲಸ ಅರ್ಧ ತೆರೆದುಕೊಂಡೇ ನಿಂತಿತ್ತು. ಅಮ್ಮ ಗೋಡೆಯ ಮೇಲಿನ ಫೋಟೋ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ದಾರಿಯಲ್ಲಿ ಕಸದ ತೊಟ್ಟಿಯ ಹತ್ತಿರ ನಿಂತು, ಯೋಚಿಸಿ, ಫೋಟೋ ತೆಗೆದುಕೊಂಡು ಚೌಕಟ್ಟನ್ನು ಮಾತ್ರ ಎಸೆದಳು.

ಮೊದಲ ಹಿಮ ಬೀಳುವಷ್ಟರಲ್ಲಿ ಹಾಸಿಗೆ ಸಿಕ್ಕಿತು. ನ್ಯಾಯವಾಗಿ ಸಿಕ್ಕಿತೆಂದು ಹೇಳಲಾರೆ. ಸಾಲಿನಲ್ಲಿ ನಮಗಿಂತ ಮುಂದೆ ಯಾರದೋ ಅಪ್ಪನೋ ಅಮ್ಮನೋ ಇದ್ದಿರಬೇಕು. ಅವರ ಹೆಸರನ್ನು ಯಾವ ಕಟ್ಟಡಕ್ಕೂ ಇಟ್ಟಿರಲಿಲ್ಲ, ಅವರ ಪರವಾಗಿ ಬಂದು ಬೈಯಲು ಯಾರೂ ಇರಲಿಲ್ಲ. ಯೊಲಾನಳನ್ನು ಕೇಳಿದೆ. "ಕೇಳಬೇಡ," ಅಂದಳು. ನಾನು ಮತ್ತೆ ಕೇಳಲಿಲ್ಲ. ಊರಿನವರನ್ನು ಹೀಯಾಳಿಸುವಾಗ ಈಗ ನನ್ನನ್ನೂ ಸೇರಿಸಿಕೊಂಡೇ ಹೀಯಾಳಿಸುತ್ತೇನೆ.

ಮೊದಲ ತಿಂಗಳು ಅಪ್ಪ ಬಾಗಿಲು ಗುದ್ದಿದ, ಊಟ ಚೆಲ್ಲಿದ. ಆಮೇಲೆ ಮಾತ್ರೆಗಳು ಹೊತ್ತಿಗೆ ಸರಿಯಾಗಿ ಬೀಳತೊಡಗಿದವು, ಯೊಲಾನಳ ದನಿಗೆ ಒಗ್ಗಿಕೊಂಡ. ಅಮ್ಮ ದಿನಾ ಹೋಗುತ್ತಾಳೆ. ಹೋದ ಕೂಡಲೇ ಅಲ್ಲಿನ ಸಾರು ನೀರು, ಪರದೆ ಕೊಳಕು, ಪಕ್ಕದ ಹಾಸಿಗೆಯವನು ಗೊರಕೆ ಎಂದು ದೂರುತ್ತಾಳೆ. ದಾದಿಯರು ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅಪ್ಪನ ಔಷಧಿಯನ್ನು ಈಗ ನಮ್ಮೂರ ಅಂಗಡಿಯಲ್ಲೇ ಕೊಳ್ಳುತ್ತಾಳೆ, ಬೇಕೆಂದೇ ದೊಡ್ಡ ದನಿಯಲ್ಲಿ ಹೆಸರು ಹೇಳಿ.

ಮೊನ್ನೆ ಅವಳನ್ನು ಕರೆತರಲು ಹೋದಾಗ ಅಪ್ಪ ಒಳಗಿನ ದೊಡ್ಡ ಕೋಣೆಯಲ್ಲಿ ಐದಾರು ಮುದುಕರನ್ನು ಕುರ್ಚಿಗಳಲ್ಲಿ ಕೂರಿಸಿ ಕೈ ಎತ್ತಿಸುತ್ತಿದ್ದ. ಒಬ್ಬ ನಿವೃತ್ತ ಬೇಕರಿಯವನ ಕೈ ಭುಜದ ಮೇಲಕ್ಕೆ ಏರುತ್ತಿರಲಿಲ್ಲ. ಅಪ್ಪ ಅವನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ, ನನಗೆ ಚಿಕ್ಕಂದಿನಿಂದ ಚೆನ್ನಾಗಿ ಗೊತ್ತಿರುವ ಆ ನೋಟ. ಅಮ್ಮ ಹೊರಡುವ ಮುನ್ನ ಹೇಳಿ ಹೋಗಲು ಅವನ ಹತ್ತಿರ ಹೋದಳು.

"ಮೇಡಂ, ಆಟದ ಜಾಗದಲ್ಲಿ ನಿಲ್ಲಬೇಡಿ," ಅಂದ ಅಪ್ಪ. "ನೋಡೋಕೆ ಬಂದೋರು ಆ ಕಡೆ ಕೂತ್ಕೋಬೇಕು."

ನಾನು ಕಾರಿನತ್ತ ನಡೆದು ಎಂಜಿನ್ ಹಚ್ಚಿಕೊಂಡು ಕಾದೆ. ಅಮ್ಮ ಬರಲಿಲ್ಲ. ಹಾರ್ನ್ ಹೊಡೆದೆ. ಕಿಟಕಿಯಿಂದ ಕಾಣುತ್ತಿತ್ತು, ಅವಳು ಗೋಡೆ ಬದಿಯ ಕುರ್ಚಿಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಕಾಲು ಜೋಡಿಸಿ ಕೂತಿದ್ದಳು. ಬೇಕರಿಯವನು ಮತ್ತೆ ಕೈ ಎತ್ತಲು ನೋಡುತ್ತಿದ್ದ. ಅಪ್ಪ ಏನೋ ಬೈದ. ಮುಗಿಯುವವರೆಗೂ ಇವಳು ಏಳುವುದಿಲ್ಲ ಎಂದು ಗೊತ್ತಾಗಿ, ಬೈದುಕೊಳ್ಳುತ್ತಲೇ ಎಂಜಿನ್ ಆರಿಸಿದೆ.